ಇಂದಿನ ಅಂಕ, ಮುಂದಿನ ತಿಂಗಳ ನೆನಪು: ಸ್ವಂತ ತರಗತಿಯಲ್ಲಿ ನಂಬಬಹುದಾದ ಕ್ರಿಯಾ ಸಂಶೋಧನೆ ನಡೆಸುವ ಬಗೆ

ಬಿ.ಇಡಿ. ಓದಿದವರೆಲ್ಲರೂ ಒಮ್ಮೆಯಾದರೂ ಕ್ರಿಯಾ ಸಂಶೋಧನೆಯ, ಅಂದರೆ ಶಿಕ್ಷಕರು ತಮ್ಮದೇ ತರಗತಿಯ ಸಮಸ್ಯೆಯೊಂದನ್ನು ತಾವೇ ಅಧ್ಯಯನ ಮಾಡುವ ಕೆಲಸದ, ವರದಿ ಬರೆದಿರುತ್ತಾರೆ. ಒಂದು ಸಮಸ್ಯೆಯನ್ನು ಗುರುತಿಸಿ, ಪೂರ್ವ ಪರೀಕ್ಷೆ ನಡೆಸಿ, ಅತಿ ಕಡಿಮೆ ಅಂಕ ಪಡೆದ ಹತ್ತು ಹನ್ನೆರಡು ಮಕ್ಕಳನ್ನು ಆರಿಸಿಕೊಂಡು, ಎರಡು ವಾರ ಪರಿಹಾರ ಬೋಧನೆ ಮಾಡಿ, ಅದು ಮುಗಿದ ಮರುದಿನವೇ ಮತ್ತೊಂದು ಪರೀಕ್ಷೆ ಕೊಟ್ಟು, ಎರಡು ಸ್ತಂಭಗಳ ನಕ್ಷೆಯೊಂದಿಗೆ ‘ಕಲಿಕೆಯಲ್ಲಿ ಗಣನೀಯ ಸುಧಾರಣೆ ಕಂಡುಬಂದಿದೆ’ ಎಂದು ಮುಗಿಸುವುದು ಅದರ ಸಾಮಾನ್ಯ ಹಾದಿ. ಇಂತಹ ವರದಿಗಳಲ್ಲಿ ಪ್ರಯೋಗ ಫಲಿಸಲಿಲ್ಲ ಎಂದು ಒಪ್ಪಿಕೊಂಡದ್ದನ್ನು ನಾನು ಓದಿದ ನೆನಪಿಲ್ಲ. ಹಾಡು ಹೇಳಿಸಿದರೂ, ಮಿಂಚುಪಟ್ಟಿ ತೋರಿಸಿದರೂ, ಗುಂಪು ಮಾಡಿ ಕೂರಿಸಿದರೂ ಫಲಿತಾಂಶ ಒಂದೇ ಆಗುವುದಾದರೆ, ಸಂಶಯ ಪಡಬೇಕಾದದ್ದು ಅಳತೆಗೋಲನ್ನು.

ಈ ಬರಹವು ಒಬ್ಬ ಶಿಕ್ಷಕಿ ಅಥವಾ ಶಿಕ್ಷಕ ತಮ್ಮ ಒಂದೇ ತರಗತಿಯಲ್ಲಿ, ಝೆರಾಕ್ಸ್ ಖರ್ಚನ್ನು ಬಿಟ್ಟರೆ ಬೇರಾವ ವೆಚ್ಚವೂ ಇಲ್ಲದೆ, ತಮ್ಮ ಬೋಧನೆಯ ಒಂದು ಕ್ರಮವು ಮಕ್ಕಳ ಕಲಿಕೆಯ ಮೇಲೆ ನಿಜವಾಗಿ ಪರಿಣಾಮ ಬೀರುತ್ತದೆಯೇ ಎಂದು ಪರೀಕ್ಷಿಸುವ ಬಗೆಯನ್ನು ಹಂತ ಹಂತವಾಗಿ ವಿವರಿಸುತ್ತದೆ. ಆರಂಭಿಸುವ ಮೊದಲು, ಹಳೆಯ ಹಾದಿಯಲ್ಲಿರುವ ಎರಡು ಗುಂಡಿಗಳು ಎಲ್ಲಿವೆ ಎಂದು ತಿಳಿದಿರಬೇಕು.

ಮೊದಲ ಗುಂಡಿ ಮಕ್ಕಳ ಆಯ್ಕೆಯಲ್ಲಿದೆ. ಹತ್ತು ಅಂಕಗಳ ಕಿರುಪರೀಕ್ಷೆಯಲ್ಲಿ ಎರಡು ಅಂಕ ಪಡೆದ ಮಗುವಿಗೆ ವಿಷಯ ಗೊತ್ತಿಲ್ಲದಿರಬಹುದು. ಅಂದು ಜ್ವರವಿದ್ದಿರಬಹುದು, ಬೆಳಿಗ್ಗೆ ಉಪವಾಸ ಬಂದಿರಬಹುದು, ಊಹಿಸಿ ಬರೆದ ಉತ್ತರಗಳೆಲ್ಲ ತಪ್ಪಾಗಿರಲೂಬಹುದು. ಅತಿ ಕಡಿಮೆ ಅಂಕದವರನ್ನೇ ಬೇರ್ಪಡಿಸಿದಾಗ ಇಂತಹ ದುರದೃಷ್ಟದ ದಿನವನ್ನು ಕಂಡ ಮಕ್ಕಳು ಆ ಗುಂಪಿನಲ್ಲಿ ಹೆಚ್ಚಾಗಿ ಸೇರಿಕೊಳ್ಳುತ್ತಾರೆ, ಮತ್ತು ಮುಂದಿನ ಪರೀಕ್ಷೆಯಲ್ಲಿ, ನಡುವೆ ಯಾರೂ ಏನನ್ನೂ ಕಲಿಸದಿದ್ದರೂ, ಆ ಗುಂಪಿನ ಸರಾಸರಿ ಮೇಲಕ್ಕೇರುತ್ತದೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿಯರ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸಿ, ಬಹಳ ಎತ್ತರದವರ ಮಕ್ಕಳು ಸರಾಸರಿಯಲ್ಲಿ ಅವರಿಗಿಂತ ಗಿಡ್ಡರಾಗಿಯೂ ಬಹಳ ಗಿಡ್ಡರ ಮಕ್ಕಳು ಅವರಿಗಿಂತ ಎತ್ತರವಾಗಿಯೂ ಇರುವುದನ್ನು ತೋರಿಸಿದ್ದು ಇದೇ ಸಂಗತಿಯನ್ನು; ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಾಸರಿಯ ಕಡೆಗಿನ ಹಿಂಜರಿತ ಎನ್ನುತ್ತಾರೆ. ನಮ್ಮ ವರದಿಗಳ ಎರಡನೆಯ ಸ್ತಂಭ ಸದಾ ಎತ್ತರವಾಗಿರುವುದಕ್ಕೆ ಇದೊಂದೇ ಬಹುಮಟ್ಟಿಗೆ ಸಾಕು. ಇದೇ ಕಾರಣದಿಂದ ಮೊದಲ ಪರೀಕ್ಷೆಯ ಜಾಣರನ್ನು ಮಾತ್ರ ಆರಿಸಿಕೊಂಡು ಪ್ರಯೋಗ ನಡೆಸಿದರೆ, ಒಳ್ಳೆಯ ವಿಧಾನವೂ ಅವರನ್ನು ಹಿಂದಕ್ಕೆಳೆದಂತೆ ಕಾಣುತ್ತದೆ.

ಎರಡನೆಯ ಗುಂಡಿ ಪರೀಕ್ಷೆಯ ದಿನಾಂಕದಲ್ಲಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಏಳು ನಿಮಿಷ ಓದಿದರು. ಆಮೇಲೆ ಅದನ್ನೇ ಇನ್ನೊಮ್ಮೆ ಓದಿದರು, ಇಲ್ಲವೇ ಹಾಳೆಯನ್ನು ಬದಿಗಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು: ಅವರಿಗೆ ಶೇ. 81ರಷ್ಟು, ನೆನಪಿನಿಂದ ಬರೆದವರಿಗೆ ಶೇ. 75ರಷ್ಟು ನೆನಪಿತ್ತು. ಒಂದು ವಾರ ಕಳೆದ ಮೇಲೆ ಈ ಲೆಕ್ಕ ತಿರುಗಿಬಿತ್ತು. ಮತ್ತೆ ಓದಿದವರು ಶೇ. 42ಕ್ಕೆ ಇಳಿದರೆ, ನೆನಪಿನಿಂದ ಬರೆದವರಲ್ಲಿ ಶೇ. 56ರಷ್ಟು ಉಳಿದಿತ್ತು. ಪಾಠ ಮುಗಿದ ಕೂಡಲೇ ಅಳೆದಿದ್ದರೆ ಯಾವ ವಿಧಾನವನ್ನು ನಾವು ಬಿಡಬೇಕಿತ್ತೋ ಅದನ್ನೇ ಹಿಡಿಯುತ್ತಿದ್ದೆವು. ಗಣಿತದಲ್ಲಿಯೂ ಇದೇ ಮಾತು. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ವರದಿ ಮಾಡಿದಂತೆ, ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಒಂದೊಂದು ಬಗೆಯಾಗಿ ಸಾಲಾಗಿ ಮಾಡಿದವರು ಅಭ್ಯಾಸದ ವೇಳೆ ಶೇ. 89ರಷ್ಟು ಸರಿ ಮಾಡಿದರು, ಬೆರಕೆಯಾಗಿ ಮಾಡಿದವರು ಶೇ. 60ರಷ್ಟು ಮಾತ್ರ, ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನವರದು ಶೇ. 20, ಎರಡನೆಯವರದು ಶೇ. 63.

ಆದ್ದರಿಂದ ಈ ಕೆಲಸದ ಉದ್ದಕ್ಕೂ ಹಿಡಿಯಬೇಕಾದ ನಿಯಮ ಒಂದೇ: ಅಭ್ಯಾಸದ ದಿನದ ಸಾಧನೆಯನ್ನು ಕಲಿಕೆ ಎಂದು ಎಣಿಸಬಾರದು.

ಪ್ರಶ್ನೆಯನ್ನು ಆರಿಸಿಕೊಳ್ಳುವುದು

‘ಚಟುವಟಿಕೆಯಾಧಾರಿತ ಬೋಧನೆ ಒಳ್ಳೆಯದೇ?’ ಎಂಬಂತಹ ಪ್ರಶ್ನೆಗೆ ಒಂದು ತರಗತಿಯಲ್ಲಿ ಉತ್ತರ ಸಿಗುವುದಿಲ್ಲ, ಏಕೆಂದರೆ ಅದರೊಳಗೆ ಹತ್ತು ಬೇರೆ ಬೇರೆ ಸಂಗತಿಗಳು ಒಟ್ಟಿಗೆ ಬದಲಾಗುತ್ತವೆ. ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸಿ ಅದಕ್ಕೆ ತಕ್ಕಂತೆ ಕಲಿಸುವ ಪ್ರಯೋಗಕ್ಕೂ ಶ್ರಮ ವ್ಯಯಿಸಬೇಕಾಗಿಲ್ಲ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಆ ವಿಷಯದ ಸಂಶೋಧನೆಗಳನ್ನು ಪರಿಶೀಲಿಸಿ, ಹಾಗೆ ಹೊಂದಿಸಿ ಕಲಿಸುವುದರಿಂದ ಲಾಭವಿದೆ ಎನ್ನಲು ತಕ್ಕ ಆಧಾರವಿಲ್ಲವೆಂದು ತೀರ್ಮಾನಿಸಿದರು. ತರಬೇತಿಗಳಲ್ಲಿ ಈ ವಿಂಗಡಣೆಯ ಚಾರ್ಟು ಇಂದಿಗೂ ಗೋಡೆಯ ಮೇಲೆ ತೂಗುತ್ತಿರುವುದು ಬೇರೆ ಮಾತು.

ಮೊದಲ ಪ್ರಯೋಗಕ್ಕೆ ನಾನು ಸೂಚಿಸುವ ಪ್ರಶ್ನೆ ಇದು: ಪಾಠ ಮುಗಿದ ಮೇಲೆ ಮಕ್ಕಳು ಮುಖ್ಯಾಂಶಗಳನ್ನು ಮತ್ತೊಮ್ಮೆ ಓದಿಕೊಳ್ಳುವುದಕ್ಕಿಂತ, ಅಷ್ಟೇ ಸಮಯದಲ್ಲಿ ಪುಸ್ತಕ ಮುಚ್ಚಿ ಅವನ್ನು ನೆನಪಿನಿಂದ ಬರೆದರೆ, ಒಂದು ತಿಂಗಳ ನಂತರ ಹೆಚ್ಚು ಉಳಿಯುತ್ತದೆಯೇ? ಕನ್ನಡದಲ್ಲಿ ಇದಕ್ಕೆ ಹಳೆಯದೊಂದು ಮಾತೇ ಇದೆ, ಒಪ್ಪಿಸುವುದು. ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಒಪ್ಪಿಸಿದ ತಲೆಮಾರಿಗೆ ಆ ಕ್ರಿಯೆ ಪರಿಚಿತ. ಆದರೆ ಉರು ಹೊಡೆದು ಒಪ್ಪಿಸುವುದಕ್ಕೂ, ಅರ್ಥವಾದ ಪಾಠವನ್ನು ಸ್ವಂತ ಮಾತಿನಲ್ಲಿ ನೆನಪಿನಿಂದ ಎತ್ತಿ ಬರೆಯುವುದಕ್ಕೂ ವ್ಯತ್ಯಾಸವಿದೆ; ನಾವು ಪರೀಕ್ಷಿಸುವುದು ಎರಡನೆಯದನ್ನು. ಪಾಠವನ್ನು ಎಂದಿನಂತೆ ಚೆನ್ನಾಗಿ ವಿವರಿಸಿಯೇ ಈ ಅಭ್ಯಾಸಕ್ಕೆ ಬರಬೇಕು, ವಿವರಣೆಯ ಬದಲಿಗೆ ಇದನ್ನು ಇಡಬಾರದು.

ಮಕ್ಕಳ ಬದಲು ಪಾಠವನ್ನು ಭಾಗ ಮಾಡುವುದು

‘ಎ’ ವಿಭಾಗಕ್ಕೆ ಹೊಸ ವಿಧಾನ, ‘ಬಿ’ ವಿಭಾಗಕ್ಕೆ ಹಳೆಯದು ಎಂಬ ಯೋಜನೆ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದನ್ನು ಬಿಟ್ಟುಬಿಡಿ. ಎರಡು ವಿಭಾಗಗಳ ಮಕ್ಕಳು ಬೇರೆ, ಅವಧಿಗಳು ಬೇರೆ, ಒಂದರ ಅವಧಿ ಊಟದ ನಂತರದ್ದಾಗಿರಬಹುದು, ಮತ್ತು ಅನೇಕ ಶಾಲೆಗಳಲ್ಲಿ ವಿಭಾಗಗಳನ್ನು ಅಂಕ ಅಥವಾ ಮಾಧ್ಯಮವನ್ನು ನೋಡಿಯೇ ಮಾಡಿರುತ್ತಾರೆ. ಕೊನೆಯಲ್ಲಿ ಕಾಣುವ ಅಂತರ ವಿಧಾನದಿಂದ ಬಂದುದೋ ವಿಭಾಗದಿಂದ ಬಂದುದೋ ಹೇಳಲಾಗದು. ಅಲ್ಲದೆ ಒಂದು ವಿಭಾಗಕ್ಕೆ ಒಳ್ಳೆಯದೆಂದು ನಾವೇ ನಂಬಿದ ವಿಧಾನವನ್ನು ಪೂರ್ತಿ ನಿರಾಕರಿಸುವುದು ನ್ಯಾಯವೂ ಅಲ್ಲ.

ಅಮೆರಿಕದ ಇಲಿನಾಯ್ ರಾಜ್ಯದ ಒಂದು ಮಾಧ್ಯಮಿಕ ಶಾಲೆಯಲ್ಲಿ ಮಾರ್ಕ್ ಮೆಕ್‌ಡೇನಿಯಲ್, ಪೂಜಾ ಅಗರ್‌ವಾಲ್ ಮೊದಲಾದವರು ಎಂಟನೆಯ ತರಗತಿಯ ವಿಜ್ಞಾನದಲ್ಲಿ ಇಂತಹ ಅಧ್ಯಯನ ನಡೆಸಿದಾಗ (ಅದು 2011ರಲ್ಲಿ ಪ್ರಕಟವಾಯಿತು) ಭಾಗ ಮಾಡಿದ್ದು ಮಕ್ಕಳನ್ನಲ್ಲ, ಪಾಠದ ಅಂಶಗಳನ್ನು: ಪ್ರತಿ ಮಗುವೂ ಕೆಲವು ಅಂಶಗಳ ಮೇಲೆ ಕಿರುಪರೀಕ್ಷೆ ಬರೆಯಿತು, ಉಳಿದವುಗಳ ಮೇಲೆ ಬರೆಯಲಿಲ್ಲ. ಹೀಗೆ ಮಾಡಿದಾಗ ಪ್ರತಿ ಮಗುವನ್ನು ಅದರ ಜೊತೆಯೇ ಹೋಲಿಸಿದಂತಾಗುತ್ತದೆ. ಜಾಣತನ, ಮನೆಯ ಪರಿಸ್ಥಿತಿ, ಟ್ಯೂಷನ್, ಹಾಜರಾತಿ ಇವೆಲ್ಲ ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಸಮವಾಗಿ ಕೂರುತ್ತವೆ. ಒಂದೇ ತರಗತಿಯಿರುವ ಶಾಲೆಗೆ ಇದಕ್ಕಿಂತ ಅನುಕೂಲವಾದ ಉಪಾಯವಿಲ್ಲ.

ಒಂಬತ್ತನೆಯ ತರಗತಿಯ ‘ಅಂಗಾಂಶಗಳು’ ಘಟಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಘಟಕದಿಂದ ಹನ್ನೆರಡು ಪರಿಕಲ್ಪನೆಗಳನ್ನು ಆರಿಸಿ, ಆರಾರರಂತೆ ಎರಡು ಕಟ್ಟುಗಳನ್ನು ಮಾಡಬೇಕು. ಇಲ್ಲಿ ಒಂದು ಎಚ್ಚರಿಕೆ ಬೇಕು. ಸಸ್ಯಗಳಲ್ಲಿ ನೀರು ಸಾಗಿಸುವ ಕ್ಸೈಲಂ ಮತ್ತು ಆಹಾರ ಸಾಗಿಸುವ ಫ್ಲೋಯಂ, ಅಸ್ಥಿರಜ್ಜು ಮತ್ತು ಸ್ನಾಯುರಜ್ಜು ಮುಂತಾದ ಜೋಡಿಗಳನ್ನು ಬೇರೆ ಬೇರೆ ಕಟ್ಟಿಗೆ ಹಾಕಬಾರದು, ಏಕೆಂದರೆ ಕ್ಸೈಲಂ ಬಗ್ಗೆ ಬರೆಯುವ ಮಗು ಮನಸ್ಸಿನಲ್ಲಿ ಫ್ಲೋಯಂ ಅನ್ನು ಪಕ್ಕಕ್ಕಿಟ್ಟು ನೋಡಿಯೇ ಬರೆಯುತ್ತದೆ. ಒಂದರ ಅಭ್ಯಾಸ ಇನ್ನೊಂದಕ್ಕೆ ಸೋರಿ, ನಾವು ಅಳೆಯಹೊರಟ ಅಂತರವೇ ಅಳಿಸಿಹೋಗುತ್ತದೆ. ಜೋಡಿಗಳು ಒಂದೇ ಕಟ್ಟಿನಲ್ಲಿರಲಿ, ಕಟ್ಟುಗಳ ಕಾಠಿಣ್ಯ ಸುಮಾರಾಗಿ ಸಮವಿರಲಿ.

ಈಗ ಎರಡು ಬಗೆಯ ಚೀಟಿಗಳನ್ನು ಸಿದ್ಧಪಡಿಸಿ. ಮೊದಲನೆಯದರಲ್ಲಿ ಒಂದನೆಯ ಕಟ್ಟಿನ ಆರು ಅಂಶಗಳು ಪ್ರಶ್ನೆಗಳಾಗಿಯೂ ಎರಡನೆಯ ಕಟ್ಟಿನ ಆರು ಅಂಶಗಳು ಓದಿಕೊಳ್ಳುವ ವಾಕ್ಯಗಳಾಗಿಯೂ ಇರುತ್ತವೆ. ಎರಡನೆಯ ಬಗೆಯ ಚೀಟಿಯಲ್ಲಿ ಇದು ಅದಲುಬದಲು. ಪ್ರಶ್ನೆಗಳ ಸರಿಯುತ್ತರಗಳು ಹಾಳೆಯ ಹಿಂಬದಿಯಲ್ಲಿರಲಿ. ಬರೆದಾದ ಮೇಲೆ ತಿರುಗಿಸಿ ತಿದ್ದಿಕೊಳ್ಳದಿದ್ದರೆ, ತಪ್ಪು ಉತ್ತರವೇ ಗಟ್ಟಿಯಾಗುವ ಅಪಾಯವುಂಟು. ಓದುವ ವಾಕ್ಯದಲ್ಲಿರುವ ಮಾಹಿತಿ ಮತ್ತು ಉತ್ತರದಲ್ಲಿರುವ ಮಾಹಿತಿ ಅಕ್ಷರಶಃ ಒಂದೇ ಆಗಿರಬೇಕು. ಒಪ್ಪಿಸುವ ಭಾಗಕ್ಕೆ ತಿದ್ದಿಕೊಳ್ಳುವುದೂ ಸೇರಿ ಐದು ನಿಮಿಷ, ಓದುವ ಭಾಗಕ್ಕೂ ಐದೇ ನಿಮಿಷ. ಸಮಯ ಒಂದು ಕಡೆ ಹೆಚ್ಚಾದರೆ, ಕೊನೆಗೆ ಕಂಡ ಲಾಭ ವಿಧಾನದ್ದೋ ಸಮಯದ್ದೋ ತಿಳಿಯದು. ಗಡಿಯಾರ ನೋಡಿಕೊಂಡು ಎರಡನ್ನೂ ಎಲ್ಲರೂ ಒಟ್ಟಿಗೆ ಆರಂಭಿಸಿ ಒಟ್ಟಿಗೆ ನಿಲ್ಲಿಸುವಂತೆ ಮಾಡಿ, ಮತ್ತು ಯಾವ ಭಾಗ ಮೊದಲು ಬರಬೇಕೆಂಬುದನ್ನು ಒಂದೊಂದು ಸಲ ಒಂದೊಂದು ಬಗೆ ಬದಲಿಸಿ.

ಯಾವ ಮಗುವಿಗೆ ಯಾವ ಬಗೆಯ ಚೀಟಿ ಎಂಬುದನ್ನು ಲಾಟರಿಯಂತೆ ಹೆಸರು ಎತ್ತಿಯೇ ನಿರ್ಧರಿಸಬೇಕು. ಹಾಜರಿ ಪುಸ್ತಕದಲ್ಲಿ ಹೆಸರುಗಳು ಅಕಾರಾದಿಯಾಗಿದ್ದರೆ ಬೆಸ ಸಂಖ್ಯೆಯವರಿಗೆ ಒಂದು, ಸಮ ಸಂಖ್ಯೆಯವರಿಗೆ ಇನ್ನೊಂದು ಎಂದರೂ ನಡೆಯುತ್ತದೆ. ಬೆಂಚಿನ ಸಾಲುಗಳ ಪ್ರಕಾರ ಹಂಚಬೇಡಿ. ಮುಂದಿನ ಬೆಂಚಿನಲ್ಲಿ ಯಾರು ಕೂರುತ್ತಾರೆ, ಹಿಂದಿನದರಲ್ಲಿ ಯಾರು ಎಂಬುದು ನಿಮಗೇ ಗೊತ್ತು. ಒಮ್ಮೆ ಗೊತ್ತಾದ ಚೀಟಿಯ ಬಗೆಯನ್ನು ಕೊನೆಯವರೆಗೂ ಬದಲಿಸಬಾರದು.

ಇಷ್ಟಾದ ಮೇಲೆ ಮುಖ್ಯ ಶಿಕ್ಷಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ, ಪೋಷಕರ ಸಭೆಯಲ್ಲಿ ಎರಡು ಮಾತು ತಿಳಿಸಿ, ಇದರ ಅಂಕಗಳು ರೂಪಣಾತ್ಮಕ ಮೌಲ್ಯಮಾಪನಕ್ಕೆ (ಕಲಿಕೆಯ ನಡುನಡುವೆ ನಡೆಯುವ ಮೌಲ್ಯಮಾಪನಕ್ಕೆ) ಸೇರುವುದಿಲ್ಲವೆಂದು ಮಕ್ಕಳಿಗೆ ಸ್ಪಷ್ಟಪಡಿಸಿ.

ದಿನಗಳ ಅಂತರ

ನಿಕೋಲಸ್ ಸೆಪೇಡಾ ಮತ್ತು ಸಂಗಡಿಗರು 2008ರಲ್ಲಿ 1,350ಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಅಧ್ಯಯನವು, ಎರಡು ಅಭ್ಯಾಸಗಳ ನಡುವಿನ ಸೂಕ್ತ ಅಂತರವು ಎಷ್ಟು ಕಾಲ ನೆನಪಿರಬೇಕು ಎಂಬುದನ್ನು ಅವಲಂಬಿಸಿದೆ ಎಂದು ತೋರಿಸಿತು: ಒಂದು ವಾರ ನೆನಪಿರಬೇಕಾದರೆ ಆ ಅವಧಿಯ ಶೇ. 20ರಿಂದ 40ರಷ್ಟು, ಒಂದು ವರ್ಷ ನೆನಪಿರಬೇಕಾದರೆ ಶೇ. 5ರಿಂದ 10ರಷ್ಟು. ತಿಂಗಳ ಲೆಕ್ಕಕ್ಕೆ ಸುಮಾರು ಒಂದು ವಾರದ ಅಂತರ ಒಗ್ಗುತ್ತದೆ. ಆದ್ದರಿಂದ ಘಟಕದ ಬೋಧನೆ ಮುಗಿದ ಮರುದಿನ ಪ್ರತಿ ಮಗುವಿಗೂ ಅದರದೇ ಬಗೆಯ ಚೀಟಿಯನ್ನು ಮೊದಲ ಸಲ, ವಾರ ಕಳೆದು ಎರಡನೆಯ ಸಲ, ಇನ್ನೊಂದು ವಾರ ಕಳೆದು ಮೂರನೆಯ ಸಲ ಕೊಡುವುದು ಎಂದಿಟ್ಟುಕೊಂಡು, ಅಲ್ಲಿಂದ ನಾಲ್ಕು ವಾರಗಳ ಕಾಲ ಆ ಘಟಕದ ಮಾತೆತ್ತದಿರಿ. ನಡುವೆ ದಸರಾ ರಜೆ ಬಂದರೆ ಒಳ್ಳೆಯದೇ ಆಯಿತು. ಸಂಕಲನಾತ್ಮಕ ಮೌಲ್ಯಮಾಪನ (ಅವಧಿಯ ಕೊನೆಯ ಪರೀಕ್ಷೆ) ಬಂದರೆ ಮಾತ್ರ ಮಕ್ಕಳು ಇಡೀ ಘಟಕವನ್ನು ಓದಿಬಿಡುತ್ತಾರೆ, ಹಾಗಾಗಿ ಶಾಲೆಯ ವಾರ್ಷಿಕ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡೇ ದಿನಾಂಕ ಗೊತ್ತುಮಾಡಿ.

ನಾಲ್ಕು ವಾರ ಕಾಯುವುದು ಬೇಸರದ ಕೆಲಸವೆಂಬುದು ನಿಜ. ಆದರೆ ಮರೆವಿನ ಹೆಚ್ಚಿನ ಪಾಲು ಆರಂಭದಲ್ಲೇ ಆಗುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾವೇ ಕಲಿತು, ತಾವೇ ಮರೆತು, ಮತ್ತೆ ಕಲಿಯಲು ಎಷ್ಟು ಸಮಯ ಉಳಿಯುತ್ತದೆಂದು ಲೆಕ್ಕವಿಟ್ಟು 1885ರಲ್ಲಿ ಪ್ರಕಟಿಸಿದಾಗ, ಆ ಉಳಿತಾಯ ಒಂದು ದಿನದೊಳಗೆ ಮೂರನೆಯ ಒಂದು ಪಾಲಿಗೆ ಕುಸಿದಿತ್ತು, ಆದರೆ ಮುಂದಿನ ಇಡೀ ತಿಂಗಳಲ್ಲಿ ಇಳಿದದ್ದು ಸುಮಾರು ಐದನೆಯ ಒಂದು ಪಾಲಿಗೆ ಮಾತ್ರ. ತಿಂಗಳ ನಂತರವೂ ಉಳಿದದ್ದು ಬೇರು ಬಿಟ್ಟದ್ದು ಎನ್ನಬಹುದು. ದೊಡ್ಡ ಅಧ್ಯಯನಗಳಲ್ಲಿಯೂ ಹೀಗೆ ಕಾದು ನೋಡುವವರು ಕಡಿಮೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಮುಂಬೈ ಹಾಗೂ ವಡೋದರಾ ನಗರಗಳ ಶಾಲೆಗಳಲ್ಲಿ ಹಿಂದುಳಿದ ಮಕ್ಕಳಿಗೆ ‘ಬಾಲಸಖಿ’ಯರು (ಸ್ಥಳೀಯ ಯುವತಿಯರು) ದಿನಕ್ಕೆ ಎರಡು ಗಂಟೆ ಕಲಿಸಿದ ಕಾರ್ಯಕ್ರಮವನ್ನು ಪರೀಕ್ಷಿಸಿ 2007ರಲ್ಲಿ ಬರೆದ ವರದಿ ನನಗೆ ಮೆಚ್ಚುಗೆಯಾಗುವುದು ಈ ಕಾರಣಕ್ಕೆ: ಲಾಭ ಕಂಡಿತೆಂದು ಅಲ್ಲಿಗೇ ನಿಲ್ಲಿಸದೆ, ಕಾರ್ಯಕ್ರಮ ಮುಗಿದು ಒಂದು ವರ್ಷವಾದ ಮೇಲೆ ಮತ್ತೆ ಅಳೆದು, ಲಾಭ ಉಳಿದಿದ್ದರೂ ಬಹಳ ಕುಗ್ಗಿದೆ ಎಂಬುದನ್ನೂ ಅವರು ಮುಚ್ಚಿಡದೆ ಬರೆದರು.

ತಿಂಗಳ ನಂತರದ ಪರೀಕ್ಷೆ

ಹನ್ನೆರಡು ಪರಿಕಲ್ಪನೆಗಳಿಗೆ ಎರಡೆರಡರಂತೆ ಇಪ್ಪತ್ನಾಲ್ಕು ಪ್ರಶ್ನೆಗಳಿರಲಿ. ಚೀಟಿಯಲ್ಲಿದ್ದ ಪ್ರಶ್ನೆಯನ್ನೇ ಮತ್ತೆ ಕೇಳಿದರೆ ಮಗು ವಾಕ್ಯವನ್ನು ಗುರುತಿಸಿತೋ ವಿಷಯವನ್ನು ತಿಳಿಯಿತೋ ಗೊತ್ತಾಗುವುದಿಲ್ಲ. ಹಾಗಾಗಿ ಪ್ರತಿ ಪರಿಕಲ್ಪನೆಗೂ ಒಂದು ನೇರ ಪ್ರಶ್ನೆ, ಒಂದು ಅನ್ವಯದ ಪ್ರಶ್ನೆ ಬೇಕು. ಚೀಟಿಯಲ್ಲಿ ‘ನೀರನ್ನು ಬೇರಿನಿಂದ ಎಲೆಗೆ ಸಾಗಿಸುವ ಅಂಗಾಂಶ ಯಾವುದು?’ ಎಂದಿದ್ದರೆ, ಇಲ್ಲಿ ‘ಮರದ ಕಾಂಡದ ಸುತ್ತ ತೊಗಟೆಯನ್ನು ಉಂಗುರದಂತೆ ಕಿತ್ತರೂ ಎಲೆಗಳು ಕೂಡಲೇ ಬಾಡುವುದಿಲ್ಲ, ಏಕೆ?’ ಎಂದು ಕೇಳಬಹುದು. ತೊಗಟೆಯೊಡನೆ ಹೋಗುವುದು ಫ್ಲೋಯಂ, ಒಳಗೆ ಉಳಿಯುವುದು ಕ್ಸೈಲಂ ಎಂದು ಬರೆದ ಮಗುವಿಗೆ ಪಾಠ ದಕ್ಕಿದೆ. ಎರಡೂ ಬಗೆಯ ಪ್ರಶ್ನೆಗಳ ಅಂಕಗಳನ್ನು ಬೇರೆಯಾಗಿಯೂ ಬರೆದಿಟ್ಟುಕೊಳ್ಳಿ. ನೆನಪು ಬೆಳೆದು ಅನ್ವಯ ಬೆಳೆಯದಿದ್ದರೆ ಅದೂ ತಿಳಿಯಬೇಕಾದ ವಿಷಯವೇ.

ಪರೀಕ್ಷೆಯನ್ನು ಮುಂಚಿತವಾಗಿ ಪ್ರಕಟಿಸಬಾರದು. ಉತ್ತರಸೂಚಿಯನ್ನು ಪರೀಕ್ಷೆಗೆ ಮೊದಲೇ ಬರೆದು, ಅರ್ಧ ಅಂಕ ಯಾವಾಗ, ಪೂರ್ಣ ಅಂಕ ಯಾವಾಗ ಎಂದು ನಿಗದಿಪಡಿಸಬೇಕು. ಮೌಲ್ಯಮಾಪನ ಮಾಡುವಾಗ ಹೆಸರಿರುವ ಮೂಲೆಯನ್ನು ಮಡಚಿ ಪಿನ್ ಹಾಕಿ, ಸಾಧ್ಯವಾದರೆ ಪಕ್ಕದ ಶಾಲೆಯ ಸಹೋದ್ಯೋಗಿಯಿಂದ ತಿದ್ದಿಸಿ. ನಮ್ಮ ಪ್ರಯೋಗ ಗೆಲ್ಲಲಿ ಎಂಬ ಆಸೆ ಕೆಂಪು ಪೆನ್ನಿನ ತುದಿಗೆ ಇಳಿಯುವುದನ್ನು ಎಷ್ಟೇ ಪ್ರಾಮಾಣಿಕರಾದರೂ ಪೂರ್ತಿ ತಡೆಯಲಾರರು.

ಎಣಿಕೆ

ಪ್ರತಿ ಮಗುವಿಗೆ ಎರಡು ಅಂಕಗಳು ದೊರೆಯುತ್ತವೆ: ಒಪ್ಪಿಸಿದ ಅಂಶಗಳಲ್ಲಿ ಹನ್ನೆರಡಕ್ಕೆ ಎಷ್ಟು, ಓದಿಕೊಂಡ ಅಂಶಗಳಲ್ಲಿ ಹನ್ನೆರಡಕ್ಕೆ ಎಷ್ಟು. ಮೊದಲನೆಯದು ಹೆಚ್ಚಿದ್ದರೆ ಕೂಡು ಗುರುತು, ಕಡಿಮೆಯಿದ್ದರೆ ಕಳೆ ಗುರುತು, ಸಮವಿದ್ದರೆ ಬಿಟ್ಟುಬಿಡಿ. ಪರೀಕ್ಷೆಗೆ ಕೂತ 36 ಮಕ್ಕಳಲ್ಲಿ ಆರು ಜನರ ಅಂಕಗಳು ಸಮವಾಗಿ, ಉಳಿದ 30ರಲ್ಲಿ 22 ಜನರಿಗೆ ಕೂಡು ಗುರುತು ಬಂದಿದೆ ಎಂದು ಕಲ್ಪಿಸಿಕೊಳ್ಳಿ. ವಿಧಾನದಿಂದ ಏನೂ ವ್ಯತ್ಯಾಸವಾಗದಿದ್ದರೆ ಈ ಗುರುತುಗಳು ನಾಣ್ಯ ಚಿಮ್ಮಿದಂತೆ ಅರ್ಧಕ್ಕರ್ಧ ಬೀಳಬೇಕು. ಮೂವತ್ತು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದರೆ 22 ಅಥವಾ ಹೆಚ್ಚು ರಾಜಮುದ್ರೆ ಬೀಳುವುದು ನೂರು ಸಲಕ್ಕೆ ಒಮ್ಮೆಗಿಂತಲೂ ಕಡಿಮೆ. ಆದ್ದರಿಂದ ಇದು ಬರಿಯ ಅದೃಷ್ಟವಲ್ಲ ಎನ್ನಲು ಸಾಕಷ್ಟು ಆಧಾರವಿದೆ. ಅದೇ 18 ಬಂದಿದ್ದರೆ, ಅಷ್ಟು ರಾಜಮುದ್ರೆ ಐದಾರು ಸಲಕ್ಕೊಮ್ಮೆ ತಾನಾಗಿಯೇ ಬೀಳುತ್ತದೆ, ಅದರ ಮೇಲೆ ಏನನ್ನೂ ಕಟ್ಟಲಾಗದು. ಕೈಲೆಕ್ಕಕ್ಕೆ ಒಂದು ಸ್ಥೂಲ ಸೂತ್ರವಿದೆ: ಗುರುತು ಬಿದ್ದ ಮಕ್ಕಳ ಸಂಖ್ಯೆಯ ಅರ್ಧಕ್ಕೆ ಆ ಸಂಖ್ಯೆಯ ವರ್ಗಮೂಲವನ್ನು ಕೂಡಿಸಿ, ಕೂಡು ಗುರುತುಗಳು ಅದನ್ನು ದಾಟಿದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಮೂವತ್ತಕ್ಕೆ ಅದು 15 ಮತ್ತು 5.5 ಸೇರಿ 20.5, ಅಂದರೆ ಕನಿಷ್ಠ 21.

ಇನ್ನೊಂದು ಪರಿಶೀಲನೆಯನ್ನು ಮರೆಯಬಾರದು. ಒಂದನೆಯ ಬಗೆಯ ಚೀಟಿ ಪಡೆದವರನ್ನೂ ಎರಡನೆಯ ಬಗೆಯವರನ್ನೂ ಬೇರೆ ಬೇರೆ ಎಣಿಸಿ ನೋಡಿ. ಮೊದಲಿನವರಿಗೆಲ್ಲ ಕೂಡು, ಎರಡನೆಯವರಿಗೆಲ್ಲ ಕಳೆ ಬಂದಿದ್ದರೆ, ಅದರ ಅರ್ಥ ಒಂದನೆಯ ಕಟ್ಟು ಸುಲಭವಾಗಿತ್ತು ಎಂದಷ್ಟೇ.

ತರಗತಿಯಲ್ಲಿ ಹನ್ನೆರಡೇ ಮಕ್ಕಳಿರುವ ಹಳ್ಳಿಯ ಶಾಲೆಗಳಲ್ಲಿ ಈ ಎಣಿಕೆಗೆ ಬಲ ಸಾಲದು. ಅಂತಹವರು ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಮೂರು ನಾಲ್ಕು ಶಾಲೆಗಳ ಸಹೋದ್ಯೋಗಿಗಳನ್ನು ಕೂಡಿಸಿಕೊಂಡು ಒಂದೇ ಚೀಟಿ, ಒಂದೇ ವೇಳಾಪಟ್ಟಿಯಲ್ಲಿ ನಡೆಸಬಹುದು. ಚೀಟಿಯ ದಿನ ಗೈರಾದ ಮಕ್ಕಳನ್ನು ಏನು ಮಾಡಬೇಕೆಂಬುದನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡಿ. ಮೂರರಲ್ಲಿ ಎರಡು ಚೀಟಿ ತಪ್ಪಿದವರನ್ನು ಎಣಿಕೆಯಿಂದ ಕೈಬಿಡುವುದು ನನ್ನ ರೂಢಿ.

ಫಲಿತಾಂಶ ಬಂದ ಮೇಲೆ ಅದನ್ನು ಹಿಗ್ಗಿಸಬಾರದು. ಒಂದು ತರಗತಿಯ ಒಂದು ಘಟಕದಲ್ಲಿ, ಮರು ಓದಿನೊಂದಿಗೆ ಹೋಲಿಸಿದಾಗ ಏನಾಯಿತೆಂಬುದಷ್ಟೇ ನಿಮಗೆ ಗೊತ್ತಾಗಿರುವುದು. ಕವಿತೆಯ ಆಸ್ವಾದಕ್ಕೋ ರೇಖಾಗಣಿತದ ಸಾಧನೆಗೋ ಅದು ಅನ್ವಯಿಸುತ್ತದೆಂದು ಹೇಳಲು ಬೇರೆಯೇ ಪ್ರಯೋಗ ಬೇಕು. ವ್ಯತ್ಯಾಸ ಕಾಣದಿದ್ದರೂ ವರದಿ ಬರೆಯಿರಿ, ಎಷ್ಟು ಮಕ್ಕಳು, ಎಷ್ಟು ದಿನ, ಎಷ್ಟು ಕೂಡು, ಎಷ್ಟು ಕಳೆ ಎಂಬುದನ್ನು ಯಥಾವತ್ತಾಗಿ ನಮೂದಿಸಿ, ಮಕ್ಕಳ ಹೆಸರುಗಳನ್ನು ಬಿಟ್ಟು.

ಮಕ್ಕಳಿಗೆ ತೋರಿಸುವುದು

ಮೂರನೆಯ ಸಲದ ಚೀಟಿಯ ಕೆಳಗೆ ಒಂದು ಸಾಲನ್ನು ಸೇರಿಸಲು ಮರೆಯಬೇಡಿ: ‘ಒಂದು ತಿಂಗಳ ನಂತರ ನಿನಗೆ ಯಾವುದು ಹೆಚ್ಚು ನೆನಪಿರುತ್ತದೆ, ಬರೆದದ್ದೋ ಓದಿದ್ದೋ?’ ರೋಡಿಗರ್ ಮತ್ತು ಕಾರ್ಪಿಕೆಯವರ ಎರಡನೆಯ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರೇ ತಮಗೆ ಹೆಚ್ಚು ನೆನಪಿರುತ್ತದೆಂದು ನಂಬಿದ್ದರು, ವಾರದ ನಂತರ ಹೆಚ್ಚು ಮರೆತವರೂ ಅವರೇ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಲೂಯಿ ಡೆಲೋರಿಯೆ ಮತ್ತು ಸಂಗಡಿಗರು 2019ರಲ್ಲಿ ಕಂಡದ್ದೂ ಇಂತಹುದೇ: ತಾವೇ ತಿಣುಕಿ ಕಲಿತ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರೂ, ಸೊಗಸಾದ ಉಪನ್ಯಾಸ ಕೇಳಿದವರಿಗಿಂತ ಕಡಿಮೆ ಕಲಿತೆವೆಂದು ಭಾವಿಸಿದ್ದರು. ಸುಲಭವಾಗಿ ಹರಿದದ್ದು ಒಳಗಿಳಿದಿದೆ ಎಂಬ ಭ್ರಮೆ ನಮಗೂ ಇದೆ, ಮಕ್ಕಳಿಗೂ ಇದೆ.

ಆದ್ದರಿಂದ ಪರೀಕ್ಷೆಯ ಮರುವಾರ ಒಂದು ಅವಧಿಯನ್ನು ಇದಕ್ಕಾಗಿಯೇ ತೆಗೆದಿರಿಸಿ. ಕರಿಹಲಗೆಯ ಎಡಕ್ಕೆ ಮಕ್ಕಳ ಊಹೆಗಳ ಎಣಿಕೆಯನ್ನೂ ಬಲಕ್ಕೆ ಕೂಡು ಕಳೆಗಳ ಎಣಿಕೆಯನ್ನೂ ಬರೆದು, ವಿವರಣೆ ಕೊಡುವ ಮೊದಲು ಅವರನ್ನೇ ಮಾತಾಡಲು ಬಿಡಿ. ಉತ್ತರ ಪತ್ರಿಕೆಗಳನ್ನು ಹಿಂದಿರುಗಿಸುವಾಗ ಅಂಕಗಳನ್ನು ಬರೆಯದೆ, ಎಲ್ಲಿ ಎಡವಿದ್ದಾರೆ, ಮುಂದೇನು ಮಾಡಬೇಕು ಎಂಬ ಒಂದೆರಡು ಸಾಲುಗಳನ್ನು ಮಾತ್ರ ಬರೆಯಿರಿ. ರೂತ್ ಬಟ್ಲರ್ 1988ರಲ್ಲಿ ಇಸ್ರೇಲಿನ ಶಾಲಾಮಕ್ಕಳಲ್ಲಿ ಪರೀಕ್ಷಿಸಿ ನೋಡಿದಾಗ, ಟಿಪ್ಪಣಿಯಷ್ಟೇ ಪಡೆದವರ ಆಸಕ್ತಿ ಮತ್ತು ಸಾಧನೆ ಎರಡೂ ಹೆಚ್ಚಿದವು, ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಲ್ಲಿ ಆ ಪ್ರಯೋಜನ ಕಾಣಲಿಲ್ಲ. ಕೊನೆಯದಾಗಿ, ಒಂದನೆಯ ಬಗೆಯ ಚೀಟಿಗಳ ಉಳಿದ ಪ್ರತಿಗಳನ್ನು ಎರಡನೆಯವರಿಗೂ ಎರಡನೆಯ ಬಗೆಯವನ್ನು ಒಂದನೆಯವರಿಗೂ ಹಂಚಿ, ಅವರು ಈವರೆಗೆ ಬರಿದೇ ಓದಿಕೊಂಡಿದ್ದ ಆರು ಅಂಶಗಳನ್ನು ಪುಸ್ತಕ ಮುಚ್ಚಿ ಬರೆಯಿಸಿ.